ಡೆಮೊ ಪೆಟ್ಟಿಗೆ

ಗುತ್ತಲು ರಸ್ತೆಯ ಸಹಕಾರಿ ಬ್ಯಾಂಕಿಗೆ
ನನಗಿಂತ ಮೊದಲೇ ಬಂದು ಕೂತಿತ್ತು ತನ್ವೀರನ ಹೆಲ್ಮೆಟ್ಟು.
ಬೆಂಚಿನ ತುದಿಗೆ ಸರಿದು ಜಾಗ ಮಾಡಿಕೊಟ್ಟ,
ಕೊಟೇಶನ್ನಿನ ಲಕೋಟೆ ಮಾತ್ರ
ತೊಡೆಯ ಕೆಳಗೆ ಸೇರಿಸಿ.

ಐದು ವರ್ಷದಿಂದ ಹೀಗೆ:
ಹೂಟಗಳ್ಳಿಯ ಕಾರ್ಖಾನೆ ಗೇಟುಗಳಲ್ಲಿ,
ಆಸ್ಪತ್ರೆಗಳ ಫಿನಾಯಿಲ್ ವಾಸನೆಯಲ್ಲಿ,
ಒಂದೇ ಬೆಂಚು, ಎರಡು ಕಂಪನಿ.
ಅವನ ಮಗಳಿಗೆ ಕನ್ನಡಕ ಬಂದದ್ದು ನನಗೆ ಗೊತ್ತು.
ಅವನ ಡಿಸ್ಕೌಂಟು ಗೊತ್ತಿಲ್ಲ.

ಒಳಗೆ ಕಾರ್ಯದರ್ಶಿ ಹೊನ್ನೇಗೌಡರು.
ಮೇಜಿನ ಗಾಜಿನಡಿ ತೀರಿಹೋದ ಅಧ್ಯಕ್ಷರು ನಾಲ್ವರು.
"ಏನವ್ವಾ ಇದು, ಅಚ್ಚುಬೆಲ್ಲ ಪೇರಿಸ್ದಂಗೆ ಪೇರಿಸ್ಬುಟ್ಟಿದ್ದೀಯೆ?"
ಬಾಯಿಪಾಠ ಒಪ್ಪಿಸಿದೆ:
ಸಾರ್, ಹೀಗೆ ಎಂಟರವರೆಗೆ ಪೇರಿಸಬಹುದು,
ಆದರೂ ಒಂದೇ ಹೆಸರು, ಒಂದೇ ವಿಳಾಸ.
ಒಂದಕ್ಕೆ ಹೇಳಿದರೆ ಎಲ್ಲವೂ ಕೇಳುತ್ತವೆ.
ನಾಳೆ ಮೇಲೊಂದು ಅಂತಸ್ತು ಕಟ್ಟಿದಿರಿ ಅನ್ನಿ,
ಹಳೆಯದನ್ನು ಎಸೆಯಬೇಕಿಲ್ಲ,
ಇನ್ನೊಂದು ತಂದು ಮೇಲಿಟ್ಟರಾಯಿತು.

"ಇವುಕ್ಕೆಲ್ಲ ಯಜಮಾನ ಯಾರು?"
ಇದು ಸಾರ್, ಕೆಳಗಿನದು.
"ಯಜಮಾನ ಸತ್ತೋದ್ರೆ?"
ಕಣ್ಣು ಮಿಟುಕಿಸುವಷ್ಟರಲ್ಲಿ ಎರಡನೆಯದು ಪಟ್ಟಕ್ಕೆ ಬರುತ್ತೆ.
ಕೌಂಟರಿನಲ್ಲಿ ನಿಂತವರಿಗೆ ಗೊತ್ತೂ ಆಗಲ್ಲ.
ಪೆನ್ನು ಕೆಳಗಿಟ್ಟು ನಕ್ಕರು.
ಅವರು ನಕ್ಕದ್ದಕ್ಕೆ ಅಕೌಂಟೆಂಟೂ ನಕ್ಕ.
"ನಮ್ ಸಂಘದಲ್ಲಿ ಎಲ್ಡು ವರ್ಸ ಆಯ್ತು ಕಣವ್ವಾ,
ಸ್ಟೇ ತಂದವ್ರೆ. ಎಲ್ಲಿ, ಸಾಯ್ಸಿ ತೋರ್ಸು."

ಚೀಲದಲ್ಲಿ ಕೈಯಾಡಿಸಿದೆ.
ಎರಡು ಪೆಟ್ಟಿಗೆಗೆ ನಂಟು ಕಟ್ಟುವ ಕೇಬಲ್ಲು,
ಎರಡು ಗೇಣುದ್ದದ್ದು, ಕಪ್ಪನೆಯದು,
ಸರಸ್ವತಿಪುರಂ ಆಫೀಸಿನ ಡ್ರಾಯರಿನಲ್ಲಿ
ತಣ್ಣಗೆ ಮಲಗಿತ್ತು.

ಒಂದು ನಿಮಿಷ ಸಾರ್, ಅಂದು ಹೊರಬಂದೆ.
ತನ್ವೀರ್ ನನ್ನ ಮುಖ ನೋಡಿದ, ಚೀಲ ನೋಡಿದ,
ಏನೂ ಕೇಳಲಿಲ್ಲ.
ತನ್ನ ಬ್ಯಾಗಿನ ಜಿಪ್ಪು ಎಳೆದ.
"ನಮ್ದು ನಿಮ್ದಕ್ಕೆ ಒಗ್ಗುತ್ತೋ ಇಲ್ವೋ, ನೋಡಿ.
ಒಗ್ಗಿದರೆ ನಮ್ಮ ಬಾಸಿಗೆ ಹೇಳಬೇಡಿ."

ಒಗ್ಗಿತು.
ಯಜಮಾನನ ವೈರು ಕಿತ್ತೆ.
ಪರದೆಯ ಮೇಲೆ ಲೆಕ್ಕ ನಿಂತಿತು,
ಒಂದು ಮಿಟುಕಲ್ಲ, ಸುಳ್ಳು ಹೇಳಬಾರದು,
ಎರಡು ಮಿಟುಕು,
ಮತ್ತೆ ಓಡಿತು.
ಹೊನ್ನೇಗೌಡರು ಮೇಲಿನ ಪೆಟ್ಟಿಗೆಯನ್ನು
ಎತ್ತಿನ ಬೆನ್ನು ತಟ್ಟುವ ಹಾಗೆ ತಟ್ಟಿ
"ಬಿಸಿ ಐತೆ" ಅಂದರು.

ಆಮೇಲೆ ಅವನ ಸರದಿ.
ಅವನದೂ ಪೇರಿಸುವಂಥದೇ, ಅವನದೂ ಸತ್ತು ಬದುಕಿತು.
ಬೆಂಚಿನ ಮೇಲೆ ಕೂತು ಕೇಳಿಸಿಕೊಂಡೆ:
ಅದೇ ತಮಾಷೆ, ಅದೇ ಜಾಗದಲ್ಲಿ,
ಅಕೌಂಟೆಂಟನ ಅದೇ ನಗು.

ಐದು ಗಂಟೆಗೆ ತಿಳಿಯಿತು,
ಆರ್ಡರು ಮದ್ದೂರಿನ ಯಾರಿಗೋ.
ಪೇರಿಸಲಾಗದ ಒಂಟೊಂಟಿ ಪೆಟ್ಟಿಗೆ,
ತಲಾ ಒಂಬತ್ತು ಸಾವಿರ ಕಡಿಮೆ.
"ಬೋರ್ಡ್ನೋರು ಕೇಳ್ತಾರಲ್ಲವ್ವಾ, ಏನ್ ಮಾಡಾನ.
ಕಾಫಿ ಕುಡ್ಕೊಂಡ್ ಹೋಗಿ ಇಬ್ರೂವೆ."
ಕುಡಿದೆವು. ಸಕ್ಕರೆ ಊರಿನ ಕಾಫಿ, ಪಾಯಸದ ಹಾಗೆ.
ಕೇಬಲ್ಲು ವಾಪಸು ಕೊಡಹೋದರೆ
"ಇರಲಿ, ಶುಕ್ರವಾರ ನಂಜನಗೂಡಿಗೆ ಬರ್ತೀರಲ್ಲ" ಅಂದ.
ನಂಜನಗೂಡಿನ ವಿಚಾರ
ನನಗೊಬ್ಬಳಿಗೇ ಗೊತ್ತು ಅಂದುಕೊಂಡಿದ್ದೆ.

ಮೈಸೂರಿನ ರೈಲಿನಲ್ಲಿ
ಒಂದು ಪೆಟ್ಟಿಗೆ ಮೇಲೆ, ಒಂದು ತೊಡೆಯ ಮೇಲೆ.
ಪಾಂಡವಪುರದಲ್ಲಿ ಹತ್ತಿದ ಅಜ್ಜಿ
ಸೊಪ್ಪಿನ ಕುಕ್ಕೆಯನ್ನು ನನ್ನ ಕಾಲ ಬಳಿ ತಳ್ಳಿ
"ಏನವ್ವಾ ಅದು?" ಅಂದಳು.
ಸ್ವಿಚ್ಚು ಅಜ್ಜಿ.
"ಇಷ್ಟ್ ದಪ್ಪ ಸ್ವಿಚ್ಚಾ! ಒತ್ತಿದ್ರೆ ಎಷ್ಟ್ ದೀಪ ಹತ್ಕತವೆ?"
ಮುಂಭಾಗದ ತೂತುಗಳನ್ನು ನೋಡಿದೆ.
ಇಪ್ಪತ್ತನಾಲ್ಕು, ಅಂದೆ. ಎಲ್ಲ ಹಸಿರು.
"ನಮ್ ಬೀದಿಗೆ ಸಾಕು ಬುಡು. ಏಟಾಯ್ತದೆ?"

ಶ್ರೀರಂಗಪಟ್ಟಣದ ಸೇತುವೆ ದಡದಡ ಅನ್ನುವಾಗ
ಹೊನ್ನೇಗೌಡರಿಗೆ ಹೇಳದ,
ತನ್ವೀರನಿಗೆ ಎಂದೂ ಹೇಳದ
ಕೊಟ್ಟಕೊನೆಯ ರೇಟನ್ನು
ಅವಳ ಕಿವಿಗೆ ಹೇಳಿದೆ.

ಜಾಸ್ತಿಯಾಯ್ತು, ಅಂದಳು.